ಮೂಲಬಿಂದುವಿನಿಂದ ಒಂದು ಸೆಂಟಿಮೀಟರ್ ಮೇಲೆ

ರೀಡಿಂಗ್ 1

ಈ ಕತೆಯನ್ನು ಎಲ್ಲಿಂದ ಶುರುಮಾಡಬೇಕು ಎಂಬುದೇ ನನ್ನ ತಲೆನೋವು. ಸೊನ್ನೆಯಿಂದ ಶುರುಮಾಡಿ ಎನ್ನುತ್ತೀರಿ ನೀವು. ಸೊನ್ನೆ ಎಲ್ಲಿದೆ ಎಂದು ಗೊತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೊದಲ ಕರಡಿನಲ್ಲಿ ‘ಮಧ್ಯಾಹ್ನದ ಬಿಸಿಲು ಪ್ರಯೋಗಾಲಯದ ಕಿಟಕಿಯ ಗಾಜನ್ನು ಮೆಲ್ಲಗೆ ಸವರುತ್ತಿತ್ತು’ ಎಂದು ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಆಮೇಲೆ ನೋಡಿದರೆ ಆ ಕಿಟಕಿಯ ಗಾಜು ಒಡೆದು ಎರಡು ವರ್ಷವಾಗಿದೆ, ಅಲ್ಲಿ ರಟ್ಟು ಅಂಟಿಸಿದ್ದಾರೆ. ಬಿಸಿಲು ರಟ್ಟನ್ನು ಸವರುವುದಿಲ್ಲ. ಹೊಡೆದುಹಾಕಿದೆ.

ರೀಡಿಂಗ್ 2

ಮೇಷ್ಟ್ರಿಂದಲೇ ಶುರುಮಾಡೋಣ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಮೇಷ್ಟ್ರು ಇವರು. ಹುಡುಗರು ಇಟ್ಟ ಹೆಸರು ಪ್ಲಸ್ ಮೈನಸ್ ಮೇಷ್ಟ್ರು. ಯಾವ ಅಳತೆಯೂ ಪೂರ್ತಿ ಸರಿಯಲ್ಲ, ಎಷ್ಟು ತಪ್ಪಿರಬಹುದು ಎಂದು ಪಕ್ಕದಲ್ಲಿ ಬರೆಯದವನು ಮನುಷ್ಯನೇ ಅಲ್ಲ ಎಂಬುದು ಅವರ ವಾದ. ಚಹಾ ತರಿಸುವಾಗಲೂ “ಸಕ್ಕರೆ ಒಂದು ಚಮಚ, ಪ್ಲಸ್ ಆರ್ ಮೈನಸ್ ಕಾಲು” ಎನ್ನುವ ಆಸಾಮಿ. ತಮ್ಮ ವಿಷಯದಲ್ಲಿ ಮಾತ್ರ ಅವರು ಈ ಚಿಹ್ನೆಯನ್ನು ಎಂದೂ ಬಳಸಿದ್ದಿಲ್ಲ. (ಇದು ಕುಹಕ. ಕತೆಗಾರರಿಗೆ ಇಷ್ಟಾದರೂ ಬೇಡವೇ?)

ಇವತ್ತು ಸಂಜೆ ನಾಲ್ಕಕ್ಕೆ ಅವರು ಪ್ರಾಯೋಗಿಕ ಪರೀಕ್ಷೆಯ ಅಂಕಪಟ್ಟಿಯನ್ನು ಆಫೀಸಿಗೆ ಕೊಡಬೇಕು. ಪರೀಕ್ಷೆ ಮೂರು ದಿನ ನಡೆದಿತ್ತು. ಚೀಟಿ ಎತ್ತಿದಾಗ ಸರಳ ಲೋಲಕದ ಪ್ರಯೋಗ ಬಂದವರು ಹನ್ನೆರಡು ಮಂದಿ. ದಾರಕ್ಕೆ ಗುಂಡು ಕಟ್ಟಿ ತೂಗಿಸುವುದು, ದಾರದ ಉದ್ದ ಅಳೆಯುವುದು, ಒಂದು ತೂಗಿಗೆ ಎಷ್ಟು ಹೊತ್ತು ಎಂದು ನೋಡುವುದು, ಎರಡನ್ನೂ ಗ್ರಾಫಿಗೆ ಇಳಿಸಿ, ಸೂತ್ರಕ್ಕೆ ಹಾಕಿ ಭೂಮಿಯ ಸೆಳೆತ ಎಷ್ಟೆಂದು ಕಂಡುಹಿಡಿಯುವುದು. ಉತ್ತರ ಒಂಬತ್ತು ಪಾಯಿಂಟ್ ಎಂಟು. ಇದು ಇಡೀ ಜಗತ್ತಿಗೆ ಗೊತ್ತಿರುವುದರಿಂದ ಹನ್ನೆರಡರಲ್ಲಿ ಹತ್ತು ಮಂದಿ ಮೊದಲು ಉತ್ತರ ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದು, ಕೊನೆಗೆ ರೀಡಿಂಗು ತುಂಬಿದ್ದರು. ಆ ಪ್ರಯೋಗಾಲಯದಲ್ಲಿ ಇದು ವರ್ಷಗಳಿಂದ ನಡೆದುಬಂದ ಪದ್ಧತಿ. ಲೋಲಕ ಪಾಪ ಅತ್ತಿಂದಿತ್ತ ತೂಗುತ್ತಿರುತ್ತದೆ, ಅದರ ಕಡೆ ಯಾರೂ ನೋಡುವುದಿಲ್ಲ. ಹತ್ತು ಮಂದಿಯ ಗ್ರಾಫಿನಲ್ಲೂ ಗೆರೆ ಪುಸ್ತಕದಲ್ಲಿರುವಂತೆ ಮೂಲಬಿಂದುವಿನಿಂದಲೇ, ಎರಡು ಸೊನ್ನೆಗಳು ಕೂಡುವ ಮೂಲೆಯಿಂದಲೇ ಹೊರಟಿತ್ತು. ಹತ್ತಕ್ಕೂ ಮೇಷ್ಟ್ರು ‘ಗುಡ್’ ಬರೆದರು.

ಹನ್ನೊಂದನೆಯವನು ಶುದ್ಧ ಸೋಮಾರಿ. ದಾರದ ಉದ್ದಕ್ಕೆ ಗುಂಡಿನ ತ್ರಿಜ್ಯವನ್ನು ಸೇರಿಸಲು ಮರೆತಿದ್ದ. ಎರಡು ಅಂಕ ಹೋಯಿತು. (ಇವನನ್ನು ನೆನಪಿಟ್ಟುಕೊಳ್ಳಿ.)

ಹನ್ನೆರಡನೆಯವಳನ್ನು ಮೇಷ್ಟ್ರು ಹಠಮಾರಿ ಎಂದು ಕರೆಯುತ್ತಾರೆ. ಅವಳ ಗೆರೆ ಮೂಲಬಿಂದುವಿಗೆ ಹೋಗಲೇ ಇಲ್ಲ. ಸರಿಯಾಗಿ ಒಂದು ಸೆಂಟಿಮೀಟರ್ ಮೇಲೆ ಹಾದಿತ್ತು. ಅವಳು ಅದನ್ನು ಮುಚ್ಚಿಡುವ ಬದಲು ಫಲಿತಾಂಶದ ಜಾಗದಲ್ಲಿ ದುಂಡಗೆ ಬರೆದಿದ್ದಳು: ‘ಎಲ್ಲ ಉದ್ದಗಳೂ ಒಂದು ಸೆಂಟಿಮೀಟರ್ ಹೆಚ್ಚು ಬರುತ್ತಿವೆ. ಸ್ಕೇಲಿನಲ್ಲಿ ದೋಷವಿರಬಹುದು.’ ಅದರ ಕೆಳಗೆ ಮೇಷ್ಟ್ರ ಕೆಂಪು ಇಂಕು: ‘ದೋಷ ಸ್ಕೇಲಿನದಲ್ಲ, ನಿನ್ನದು.’ ಫೇಲು. ಇದರಲ್ಲಿ ಫೇಲಾದರೆ ಒಂದು ವರ್ಷ ಮಣ್ಣುಪಾಲು.

ರೀಡಿಂಗ್ 3 ಇಲ್ಲ. ಅದರಲ್ಲಿ ಮೇಷ್ಟ್ರ ಬಾಲ್ಯವಿತ್ತು. ಉಳಿದವುಗಳ ಜೊತೆ ಹೊಂದಲಿಲ್ಲ, ಬಿಟ್ಟಿದ್ದೇನೆ. ಎಲ್ಲರೂ ಮಾಡುವುದು ಹೀಗೆಯೇ.

ರೀಡಿಂಗ್ 4

ಮೂರು ಗಂಟೆಗೆ ಹಠಮಾರಿ ಬಾಗಿಲಲ್ಲಿ ನಿಂತಿದ್ದಳು.

“ಸರ್, ಒಂದ್ಸಲ ಅಳೆದು ನೋಡಿ ಸರ್. ಅಂಕ ಕೊಡಿ ಅಂತ ಕೇಳ್ತಿಲ್ಲ.”

“ಏನಮ್ಮಾ, ಒಂಬತ್ತು ವರ್ಷದಿಂದ ಇದೇ ಸ್ಕೇಲು. ಇದೇ ಟೇಬಲ್ಲು. ಎಲ್ಲರಿಗೂ ಸರಿ ಬಂದಿದೆ. ನಿನಗೊಬ್ಬಳಿಗೆ ಭೂಮಿ ಬೇರೆ ಥರ ಎಳೀತಾ?”

“ಎಲ್ಲರಿಗೂ ಅಷ್ಟು ಸರಿ ಬರೋದೇ ಅನುಮಾನ ಅಲ್ವಾ ಸರ್? ನೀವೇ ಮೊದಲನೇ ದಿನ ಹೇಳಿದ್ರಿ. ಮೂರು ಸಲ ಅಳೆದು ಮೂರು ಸಲನೂ ಒಂದೇ ಬಂದ್ರೆ ಯಾರೋ ಗೋಲ್‌ಮಾಲ್ ಮಾಡಿದ್ದಾರೆ ಅಂತ.”

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ತಮ್ಮ ಮಾತನ್ನೇ ತಮಗೆ ತಿರುಗಿಸುವವರನ್ನು ಯಾರು ಸಹಿಸಿಕೊಳ್ಳುತ್ತಾರೆ? ಹೊರಗೆ ಕಾರಿಡಾರಿನ ಕೊನೆಯ ಬೆಂಚಿನ ಮೇಲೆ ಕೂತಿರು ಎಂದು ಗದರಿಸಿ, ಇವಳ ಬಾಯಿ ಒಂದೇ ಸಲಕ್ಕೆ ಮುಚ್ಚಿಸಬೇಕೆಂದು ಅಟೆಂಡರನನ್ನು ಕೂಗಿದರು. ಅಟೆಂಡರನ ಜೇಬಿನಲ್ಲಿ ಸದಾ ಒಂದು ಉಕ್ಕಿನ ಟೇಪು ಇರುತ್ತದೆ. ಲೋಲಕದ ಟೇಬಲ್ಲಿನ ಮರದ ಮೀಟರ್ ಸ್ಕೇಲನ್ನು ಮಲಗಿಸಿ, ಪಕ್ಕದಲ್ಲಿ ಟೇಪು ಎಳೆದರು.

ತೊಂಬತ್ತೊಂಬತ್ತು.

ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಎಳೆದರು. ತೊಂಬತ್ತೊಂಬತ್ತು. ನೂರು ಎಂದು ಬರೆದುಕೊಂಡಿದ್ದ ಸ್ಕೇಲು ಅಷ್ಟೂ ದಿನ ನಾಚಿಕೆಯಿಲ್ಲದೆ ಆ ಟೇಬಲ್ಲಿಗೆ ಒರಗಿ ನಿಂತಿತ್ತು.

‘ಮೇಷ್ಟ್ರ ಹಣೆಯಲ್ಲಿ ಬೆವರು ಮೂಡಿತು’ ಎಂದು ಇಲ್ಲಿ ಬರೆದಿದ್ದೆ. ಮೇಷ್ಟ್ರು ತಲೆಯೆತ್ತಿ ನನ್ನನ್ನೇ ನೋಡಿದರು.

“ಯಾಕ್ರೀ ಬೆವರಲಿ? ಮೇಲೆ ಫ್ಯಾನ್ ತಿರುಗ್ತಿದೆ. ಕತೆ ಬರೆಯೋರಿಗೆ ಬೆವರು ಬಿಟ್ರೆ ಬೇರೆ ರೀಡಿಂಗೇ ಗೊತ್ತಿಲ್ವಾ?”

“ಮತ್ತೆ ನಿಮಗೆ ಏನಾಯ್ತು ಅಂತ ಬರೀಲಿ ಸರ್?”

“ಭಯ ಆಯ್ತು ಅಂತ ಬರೀರಿ. ಸುತ್ತಿ ಬಳಸಿ ಯಾಕೆ?”

ಸರಿ. ಮೇಷ್ಟ್ರಿಗೆ ಭಯವಾಯಿತು.

ರೀಡಿಂಗ್ 5

“ಇದು ಏನಯ್ಯಾ?” ಎಂದು ಅಟೆಂಡರನನ್ನು ಕೇಳಿದರು.

“ಒಂದು ಸೆಂಟಿಮೀಟ್ರು ಕಮ್ಮಿ ಇರುತ್ತೆ ಸರ್. ನಾನೇ ಕೊಯ್ದಿದ್ದು.” ಅಟೆಂಡರ್ ಹೆಮ್ಮೆಯಿಂದಲೇ ಹೇಳಿದ. “ಸೊನ್ನೆ ಕಡೆ ತುದಿ ಸೀಳಿ ಸಿಬಿರೆದ್ದಿತ್ತು. ಗರಗಸದಲ್ಲಿ ಚೊಕ್ಕ ಮಾಡಿ, ಹಳೇ ಹಿತ್ತಾಳೆ ತಗಡು ಮತ್ತೆ ಹೊಡೆದೆ. ಈಗ ಸೊನ್ನೆ ಬದಲು ಒಂದರಿಂದ ಶುರು ಆಗುತ್ತೆ, ಅಷ್ಟೇ. ನೋಡಿ, ಕೊಯ್ದಿದ್ದೇ ಗೊತ್ತಾಗಲ್ಲ.”

“ಯಾರು ಹೇಳಿದ್ರು ನಿನಗೆ?”

“ನೀವೇ ಸರ್. ಮಕ್ಕಳ ಕೈಗೆ ಚುಚ್ಚುತ್ತೆ, ಇವತ್ತೇ ಸರಿಮಾಡು ಅಂದ್ರಿ. ನಿಮ್ಮ ತಂಗಿ ಇಲ್ಲಿ ಓದ್ತಿದ್ದ ವರ್ಷ. ಅವ್ರ ಕೈಗೇ ಅಲ್ವಾ ಚುಚ್ಚಿದ್ದು? ರಕ್ತ ನೋಡಿ ನೀವು ಎಷ್ಟು ಕೂಗಾಡಿದ್ರಿ!”

ಈಗ ನಾನು ನಿಮಗೆ ತಂಗಿಯ ವಿಷಯ ಹೇಳಬೇಕು. ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದರೆ, ಹೇಳಿಬಿಟ್ಟಿದ್ದರೆ ನೀವು ಇಲ್ಲಿಯವರೆಗೆ ಬರುತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅವಳೂ ಇದೇ ಪರೀಕ್ಷೆ ಬರೆದಳು. ಅವಳಿಗೂ ಲೋಲಕವೇ ಬಂತು. ಅವಳ ಗೆರೆಯೂ ಮೂಲಬಿಂದುವಿನಿಂದ ಒಂದು ಸೆಂಟಿಮೀಟರ್ ಮೇಲೆ ಹಾದಿತ್ತು. ತಂಗಿ ಎಂದು ಕಣ್ಣುಮುಚ್ಚಿ ಅಂಕ ಕೊಟ್ಟ ಎಂದು ನಾಳೆ ಯಾರೂ ಆಡಿಕೊಳ್ಳಬಾರದಲ್ಲ. ಅಣ್ಣ ಎದೆ ಗಟ್ಟಿಮಾಡಿಕೊಂಡು ಫೇಲು ಮಾಡಿದ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅಣ್ಣನ ಕೈಕುಲುಕಿದರು. ತಂಗಿ ಮತ್ತೆ ಕಾಲೇಜಿಗೆ ಬರಲಿಲ್ಲ. ಅಂದಿನಿಂದ ಅಣ್ಣ ತಂಗಿಯ ನಡುವೆ ಮಾತು ಎಂದರೆ ಮದುವೆ, ಸಾವು, ಅಮ್ಮನ ಔಷಧಿ, ಇಷ್ಟೇ.

ಮೇಷ್ಟ್ರು ಹನ್ನೊಂದನೆಯವನ ಉತ್ತರಪತ್ರಿಕೆಯನ್ನು ಹುಡುಕಿ ತೆಗೆದರು. ಗುಂಡಿನ ತ್ರಿಜ್ಯ ಒಂದು ಸೆಂಟಿಮೀಟರ್. ಸ್ಕೇಲು ಒಂದು ಹೆಚ್ಚು ತೋರಿಸಿತ್ತು, ಸೋಮಾರಿ ಒಂದು ಸೇರಿಸಲು ಮರೆತಿದ್ದ. ಕಳೆದು ಕೂಡಿ ಸರಿಹೋಗಿತ್ತು. ಹನ್ನೆರಡು ಮಂದಿಯಲ್ಲಿ ಸುಳ್ಳು ಹೇಳದೆ ಮೂಲಬಿಂದುವಿಗೆ ತಲುಪಿದವನು ಅವನೊಬ್ಬನೇ. ಮೇಷ್ಟ್ರಿಗೆ ನಗು ಬಂತು, ಆಮೇಲೆ ಆ ನಗುವಿನ ಮೇಲೇ ಸಿಟ್ಟು ಬಂತು.

ರೀಡಿಂಗ್ 6 (ಹರಿದುಹಾಕಿದ್ದು, ಆದರೂ ತೋರಿಸುತ್ತೇನೆ)

ಈ ಕರಡಿನಲ್ಲಿ ತಂಗಿಯನ್ನು ದರ್ಜಿ ಮಾಡಿದ್ದೆ. ಟೇಪಿನ ತುದಿ ಸವೆದಿರುತ್ತದೆಂದು ಅವಳು ಒಂದನೇ ಇಂಚಿನಿಂದಲೇ ಅಳೆಯುತ್ತಾಳೆ, ಅದನ್ನು ನೋಡಿ ಅಣ್ಣನಿಗೆ ಜ್ಞಾನೋದಯವಾಗುತ್ತದೆ ಎಂದೆಲ್ಲ ಹೊಂದಿಸಿದ್ದೆ. ತಂಗಿ ಕತೆಯೊಳಗೆ ಕಾಲಿಡುವ ಮೊದಲೇ ತಕರಾರು ತೆಗೆದಳು.

“ನಿಮ್ಮ ಕತೆಗೆ ಅನುಕೂಲ ಆಗ್ಲಿ ಅಂತ ನನ್ನ ಕೈಗೆ ಕತ್ತರಿ ಕೊಡ್ಬೇಡಿ. ಒಂದು ಗುಂಡಿ ಹೊಲಿಯೋಕೂ ಬರಲ್ಲ ನಂಗೆ. ಅಂಚೆ ಕಚೇರಿ ಕೌಂಟರಲ್ಲಿ ಕೂತಿರ್ತೀನಿ, ಪಾರ್ಸೆಲ್ ತೂಗ್ತೀನಿ.”

“ಅರೆ, ತೂಕದ ಯಂತ್ರ! ಬೆಳಿಗ್ಗೆ ಅದನ್ನು ಸೊನ್ನೆಗೆ ತಂದು...”

“ಅದನ್ನೂ ಉಪಮೆ ಮಾಡ್ಬೇಡಿ. ಅದು ಬರೀ ಯಂತ್ರ.”

ಹೀಗೆ ನನ್ನ ಒಂದು ವಾರದ ಕೆಲಸ ನೀರಿನಲ್ಲಿ ಹೋಮವಾಯಿತು.

ರೀಡಿಂಗ್ 7

ಮೂರೂವರೆ. ಅಂಕಪಟ್ಟಿ ಮೇಜಿನ ಮೇಲೆ ಬಿಚ್ಚಿದೆ. ಹಠಮಾರಿಗೆ ಅಂಕ ಕೊಡಬೇಕಾದರೆ ಫೇಲನ್ನು ಯಾಕೆ ತಿದ್ದಿದೆ ಎಂದು ಕಾರಣ ಬರೆಯಬೇಕು. ಸ್ಕೇಲು ಮೋಟು ಎಂದು ಬರೆದರೆ, ಹಾಗಾದರೆ ಉಳಿದ ಹತ್ತು ಮಂದಿಗೆ ಮೋಟು ಸ್ಕೇಲಿನಲ್ಲಿ ಸರಿಯುತ್ತರ ಬಂದದ್ದು ಹೇಗೆ ಎಂದು ಪ್ರಿನ್ಸಿಪಾಲರು ಕೇಳುತ್ತಾರೆ. ಹತ್ತರ ಹಿಂದೆ ಒಂಬತ್ತು ವರ್ಷದ ನೂರಾರು ‘ಗುಡ್’ಗಳು ಸಾಲುಗಟ್ಟಿ ನಿಂತಿವೆ. ಎಲ್ಲದರ ಕೆಳಗೂ ಇವರದೇ ಸಹಿ. ‘ಪ್ರಯೋಗಗಳಲ್ಲಿ ಪ್ರಾಮಾಣಿಕತೆ’ ಎಂದು ಇವರು ಊರೂರು ಸುತ್ತಿ ಕೊಟ್ಟ ಭಾಷಣದ ಸ್ಲೈಡುಗಳಲ್ಲೂ ಇದೇ ಲೋಲಕದ ಗ್ರಾಫು, ಮೂಲಬಿಂದುವಿನಿಂದಲೇ ಹೊರಟ ಚೆಂದದ ಗೆರೆ, ಕೆಳಗೆ ಪ್ಲಸ್ ಆರ್ ಮೈನಸ್ ಸೊನ್ನೆ ಪಾಯಿಂಟ್ ಸೊನ್ನೆ ಒಂದು. ಜನ ಚಪ್ಪಾಳೆ ತಟ್ಟಿದ್ದರು.

“ಸುಮ್ನೆ ಸಹಿ ಹಾಕಿಬಿಡ್ಲಾ?” ಎಂದು ಮೇಷ್ಟ್ರು ನನ್ನನ್ನು ಕೇಳಿದರು.

“ನನ್ನನ್ನು ಯಾಕೆ ಕೇಳ್ತೀರಿ?”

“ಕತೆ ನಿಮ್ದಲ್ವೇನ್ರೀ?”

“ಸ್ಕೇಲು ನಿಮ್ದು.”

ಅವರು ಸಹಿ ಹಾಕಲಿಲ್ಲ. ಫೋನು ಎತ್ತಿಕೊಂಡರು.

“ಅಮ್ಮನಿಗೆ ಏನಾಯ್ತು?” ಎಂದಳು ತಂಗಿ. ಬೇರೆ ಕಾರಣಕ್ಕೆ ಅಣ್ಣ ಫೋನು ಮಾಡುತ್ತಾನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

“ಅಮ್ಮ ಚೆನ್ನಾಗಿದ್ದಾಳೆ. ನೋಡು, ಆ ಲ್ಯಾಬಿನ ಸ್ಕೇಲು... ಒಂದು ಸೆಂಟಿಮೀಟರ್ ಕಮ್ಮಿ ಇತ್ತು ಕಣೇ.”

“ಗೊತ್ತು.”

“ಗೊತ್ತಾ? ಯಾವಾಗಿಂದ?”

“ಅವತ್ತೇ. ಪಕ್ಕದ ಟೇಬಲ್ ಸ್ಕೇಲ್ ಇಟ್ಟು ನೋಡಿದ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ ನೀನು?”

“ಬರೆದಿದ್ನಲ್ಲಣ್ಣ, ಫಲಿತಾಂಶದಲ್ಲೇ. ನೀನು ಕೆಂಪು ಇಂಕಲ್ಲಿ ಉತ್ತರನೂ ಕೊಟ್ಟಿದ್ದೆ.”

ಮೇಷ್ಟ್ರಿಗೆ ಆ ಉತ್ತರ ನೆನಪಿರಲಿಲ್ಲ. ಆದರೆ ಅದೇನೆಂದು ಅವರಿಗೆ ಗೊತ್ತಿತ್ತು. ಅರ್ಧ ಗಂಟೆಯ ಹಿಂದೆ ಹೊರಗೆ ಕೂರಿಸಿದ ಹುಡುಗಿಯ ಹಾಳೆಯ ಮೇಲೆ ಅದೇ ವಾಕ್ಯ ಇನ್ನೂ ಕೆಂಪಗೆ ಕೂತಿದೆ. ಇಷ್ಟು ವರ್ಷ ತಂಗಿಯದು ಹಠ, ಸೊಕ್ಕು ಎಂದು ಅಂದುಕೊಂಡಿದ್ದು ಒಂದೇ ಏಟಿಗೆ ಕುಸಿಯಿತು. (ಇದಕ್ಕೆ ಅವರು ತಕರಾರು ಮಾಡಲಿಲ್ಲ.)

“ಈಗ ಯಾಕೆ ಇದೆಲ್ಲ?” ಎಂದಳು ತಂಗಿ.

“ಇನ್ನೊಬ್ಬಳು ಬರೆದಿದ್ದಾಳೆ. ನೀನು ಬರೆದ ಹಾಗೇ.”



“ಪಟ್ಟಿ ಕೊಟ್ಟಾಯ್ತಾ?”

“ಇಲ್ಲ. ನಾಲ್ಕು ಗಂಟೆಗೆ.”

“ಈಗ ಎಷ್ಟು?”

“ಮೂರೂ ಐವತ್ತು.”

“ಮತ್ತೆ ನನ್ನ ಹತ್ರ ಏನು ಮಾತಾಡ್ತಾ ಕೂತಿದ್ದೀಯ?” ಎಂದಳು ತಂಗಿ. “ಫೋನಿಡು.”

ಅಣ್ಣ ಇಡುವ ಮೊದಲೇ ಅವಳು ಇಟ್ಟಳು.

ರೀಡಿಂಗ್ 8, 8, 8

ಮೇಷ್ಟ್ರು ಅಂಕಪಟ್ಟಿಯನ್ನು ಮಡಚಿ ಕಂಕುಳಲ್ಲಿಟ್ಟರು. ಇನ್ನೊಂದು ಕೈಯಲ್ಲಿ ಆ ಮೋಟು ಸ್ಕೇಲನ್ನು ಹಿಡಿದು ಕಾರಿಡಾರಿಗೆ ಬಂದರು. ಯಾರಿಗೋ ಏಟು ಗ್ಯಾರಂಟಿ ಎಂದುಕೊಂಡು ಹುಡುಗರು ಗೋಡೆಗೆ ಅಂಟಿ ನಿಂತರು. ಕಾರಿಡಾರು ನಲವತ್ತು ಹೆಜ್ಜೆ ಉದ್ದ. ಅದರ ಕೊನೆಯಲ್ಲಿ ಎಡಕ್ಕೆ ತಿರುಗಿದರೆ ಪ್ರಿನ್ಸಿಪಾಲರ ಕೋಣೆ. ಬಲಕ್ಕೆ ತಿರುಗಿದರೆ ಗುಜರಿ ಕೋಣೆ. ಮುರಿದ ಸ್ಟೂಲುಗಳ ಅಡಿಗೆ ಒಂದು ಸ್ಕೇಲನ್ನು ತಳ್ಳಿಬಿಟ್ಟರೆ ಮುಂದಿನ ಒಂಬತ್ತು ವರ್ಷ ಅಲ್ಲಿಗೆ ಯಾರೂ ಬರುವುದಿಲ್ಲ. ಗುಜರಿ ಕೋಣೆಯ ಪಕ್ಕದ್ದೇ ಅಂಕಪಟ್ಟಿ ಕೊಡುವ ಕಿಟಕಿ.

ಇದನ್ನು ಮೂರು ಸಲ ಬರೆದೆ. ಮೂರು ಸಲವೂ ಮೇಷ್ಟ್ರು ಎಡಕ್ಕೆ ತಿರುಗಿದರು. ಮೊದಲನೆಯದರಲ್ಲಿ ಪ್ರಿನ್ಸಿಪಾಲರು ಎದ್ದು ನಿಂತರು, ಎರಡನೆಯದರಲ್ಲಿ ಬೈದರು, ಮೂರನೆಯದರಲ್ಲಿ ಊರಿನಲ್ಲೇ ಇರಲಿಲ್ಲ. ಆದರೂ ಮೂರರಲ್ಲೂ ತಿರುವು ಎಡಕ್ಕೇ. ನನಗೇ ಅನುಮಾನ ಬಂತು. ಮೂರು ರೀಡಿಂಗೂ ಒಂದೇ ಬಂದಿದೆ ಎಂದರೆ ಗೋಲ್‌ಮಾಲ್ ಮಾಡಿದ್ದು ಯಾರು? ಉತ್ತರ ಮೊದಲೇ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ತಂಗಿಯನ್ನೂ ಫೋನನ್ನೂ ತುಂಬಿಕೊಂಡು ಬಂದವನು ನಾನೇ ಅಲ್ಲವೇ? ಮೂರನ್ನೂ ಹೊಡೆದುಹಾಕಿದ್ದೇನೆ. ನಿಮಗೆ ಚೆಂದದ ಗೆರೆ ಬೇಕಿದ್ದರೆ ನೀವೇ ಎಳೆದುಕೊಳ್ಳಿ, ನಾನು ‘ಗುಡ್’ ಬರೆಯುವುದಿಲ್ಲ.

ನನ್ನ ಬಳಿ ಉಳಿದಿರುವುದು ಇಷ್ಟು. ಮೂರೂ ಐವತ್ತನಾಲ್ಕು, ಪ್ಲಸ್ ಆರ್ ಮೈನಸ್ ಒಂದು ನಿಮಿಷ. ಮೇಷ್ಟ್ರು ಮೂವತ್ತೆಂಟನೆಯ ಹೆಜ್ಜೆಯಲ್ಲಿದ್ದಾರೆ. ತಿರುವಿನಲ್ಲಿರುವ ಬೆಂಚಿನ ಮೇಲೆ ಹಠಮಾರಿ ಕೂತಿದ್ದಾಳೆ. ಅವಳು ಅವರ ಮುಖ ನೋಡುತ್ತಿಲ್ಲ, ಕೈಯಲ್ಲಿರುವ ಸ್ಕೇಲನ್ನು ನೋಡುತ್ತಿದ್ದಾಳೆ. ಅವಳು ಕೂತ ಜಾಗದಿಂದ ಎಡಬಲ ಎರಡೂ ಬಾಗಿಲು ಕಾಣುತ್ತವೆ.