ಮುಂದಿನ ಸಾಲಿನ ಖಾಲಿ ಕುರ್ಚಿ

ಬಹರೈನಿನ ಜಿಂಜ್ ಬಡಾವಣೆಯ ಬಾಡಿಗೆ ಹಾಲ್‌ನಲ್ಲಿ ವರ್ಷಕ್ಕೊಮ್ಮೆ ಸೇರುವ ಹಳೆ ವಿದ್ಯಾರ್ಥಿಗಳು ಮುಂದಿನ ಸಾಲಿನಲ್ಲೊಂದು ಕುರ್ಚಿ ಖಾಲಿ ಬಿಡುತ್ತಿದ್ದರು. ಅದಕ್ಕೆ ಮಲ್ಲಿಗೆ ಹಾರ ಹಾಕಿ, ಒಂದು ನಿಮಿಷ ಮೌನವಾಗಿ ನಿಂತ ಮೇಲೆಯೇ ಊಟ. ಊರಿನ ಶಾಲೆ ಕಟ್ಟಿಸಿದ ಪಾದ್ರಿಗಳು ತಾವು ನಿಂತುಕೊಂಡು ಮಕ್ಕಳನ್ನು ಕೂರಿಸುತ್ತಿದ್ದರಂತೆ. ಅದರ ನೆನಪಿಗೆ ಈ ಪದ್ಧತಿ ಎಂದು ಕಾರ್ಯದರ್ಶಿ ಲೆಸ್ಲಿ ಮೈಕಿನಲ್ಲಿ ಹೇಳುತ್ತಿದ್ದ.

ಅದು ತನ್ನ ಗಂಡ ಓಲಿವರನ ಕುರ್ಚಿ ಎಂದು ಶಾಲೆಟ್‌ಗೆ ಗೊತ್ತಿತ್ತು.

ಫೋನು ಮಾಡಿ ಮಾಡಿ ಮೊದಲ ಕೂಟಕ್ಕೆ ಎಲ್ಲರನ್ನೂ ಒಟ್ಟುಗೂಡಿಸಿದವನು ಓಲಿವರ್. ಆ ದಿನ ವಿಮಾನ ನಿಲ್ದಾಣದ ಕಡೆಯ ಮುಹರ್ರಕ್‌ನ ಕೆಲಸದಿಂದ ಅವನನ್ನು ಕಾರಿನಲ್ಲಿ ಕರೆತರುತ್ತೇನೆಂದು ಮಾತು ಕೊಟ್ಟವನು ಬಾಲ್ಯದ ಗೆಳೆಯ ಲೆಸ್ಲಿ. ಅಷ್ಟರಲ್ಲಿ ಮುಖ್ಯ ಅತಿಥಿಯ ವಿಮಾನ ಇಳಿಯಿತು. ಲೆಸ್ಲಿ ಅವರನ್ನು ಹತ್ತಿಸಿಕೊಂಡು, ಓಲಿವರ್ ನಿಂತಿದ್ದ ರಸ್ತೆಯಲ್ಲೇ ಹಾದು, ನೇರ ಹಾಲಿಗೆ ಬಂದುಬಿಟ್ಟ. ಕಾದು ಸಾಕಾಗಿ ಬಸ್ಸಿಗೆಂದು ಹೊರಟ ಓಲಿವರ್ ವಾಹನಕ್ಕೆ ಸಿಕ್ಕಿ, ರಸ್ತೆಯ ಆಚೆ ಬದಿ ಮುಟ್ಟಲಿಲ್ಲ. ಇತ್ತ ಹಾಲ್‌ನ ಮುಂದಿನ ಸಾಲಿನಲ್ಲಿ ಶಾಲೆಟ್ ಪಕ್ಕದ ಕುರ್ಚಿಯ ಮೇಲೆ ಬ್ಯಾಗ್ ಇಟ್ಟು, ಬಂದವರಿಗೆಲ್ಲ ಜನ ಇದ್ದಾರೆ, ಜನ ಇದ್ದಾರೆ ಎನ್ನುತ್ತ ಕೂತಿದ್ದಳು.

ಮರುವರ್ಷ ಆ ಜಾಗದಲ್ಲಿ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಸುಮ್ಮನೆ ನಿಂತರು. ಹಳಬರು ಒಬ್ಬೊಬ್ಬರಾಗಿ ಬಹರೈನ್ ಬಿಟ್ಟರು, ಹೊಸಬರು ಕುರ್ಚಿಯ ಕಾರಣ ಕೇಳಿದರು. ಆಗ ಪಾದ್ರಿಗಳ ಕಥೆ ಹುಟ್ಟಿತು.

ಈ ವರ್ಷ ಶಾಲೆಟ್ ಲೆಸ್ಲಿಯನ್ನು ಬಾಗಿಲಲ್ಲೇ ತಡೆದಳು. ಒಂದೇ ಒಂದು ಸಲ ಮೈಕಿನಲ್ಲಿ ಓಲಿವರ್ ಅವರ ಹೆಸರು ಹೇಳಿ ಎಂದು ಬೇಡಿದಳು.

"ಮಕ್ಕಳು ಮರಿ ಎಲ್ಲ ಬಂದಿದ್ದಾರೆ, ಶಾಲೆಟ್ ಬಾಯಿ. ಖುಷಿಯ ದಿನ ಸತ್ತವರ ಸುದ್ದಿ ಯಾಕೆ?"

"ಪಾದ್ರಿಗಳೇನು ಬದುಕಿದ್ದಾರಾ?"

ಅವನು ಮೈಕ್ ನೋಡುವ ನೆವದಲ್ಲಿ ಜಾರಿಕೊಂಡ.

ಎಲ್ಲರೂ ಮೌನಕ್ಕೆ ಎದ್ದು ನಿಂತಾಗ ಶಾಲೆಟ್ ಮುಂದೆ ಹೋಗಿ, ಹಾರ ತೆಗೆದು ತೊಡೆಯ ಮೇಲಿಟ್ಟುಕೊಂಡು, ಆ ಕುರ್ಚಿಯಲ್ಲಿ ಕೂತಳು. ನಿಮಿಷ ಮುಗಿದರೂ ಮೌನ ಮುಗಿಯಲಿಲ್ಲ. ಲೆಸ್ಲಿ ಬಗ್ಗಿ, ಜನ ನೋಡುತ್ತಿದ್ದಾರೆ, ಏಳಿ ಎಂದು ಪಿಸುಗುಟ್ಟಿದ.

"ನೀವು ಬರ್ತೀರಿ ಅಂತ ಅವರು ಅಲ್ಲೇ ನಿಂತಿದ್ರು, ಲೆಸ್ಲಿ."

ಅವನ ಮುಖ ಬಿಳಿಚಿತು. ಆದರೆ ಕೈಯಲ್ಲಿ ಮೈಕ್ ಇತ್ತು. ನೆಟ್ಟಗೆ ನಿಂತು, ಸಂಸ್ಥಾಪಕರ ಕುರ್ಚಿಯಲ್ಲಿ ಇನ್ನು ಮುಂದೆ ಪ್ರತಿವರ್ಷ ಒಬ್ಬ ತಾಯಿಯನ್ನು ಕೂರಿಸಿ ಗೌರವಿಸುತ್ತೇವೆ, ಇದು ನಮ್ಮ ಹೊಸ ಪದ್ಧತಿ ಎಂದು ಘೋಷಿಸಿದ.

ಹಾಲೆಲ್ಲ ಚಪ್ಪಾಳೆ. ಯಾರೋ ತೊಡೆಯ ಮೇಲಿದ್ದ ಹಾರವನ್ನೆತ್ತಿ ಅವಳ ಕೊರಳಿಗೆ ಹಾಕಿದರು. ಚಪ್ಪಾಳೆ ನಿಲ್ಲಲಿ, ನಾನೇ ಹೇಳುತ್ತೇನೆ ಎಂದು ಶಾಲೆಟ್ ಕಾದಳು.

ನಿಂತಿತು. ಅಷ್ಟರೊಳಗೆ ಜನ ತಟ್ಟೆ ಹಿಡಿದು ಊಟದ ಸಾಲಿಗೆ ಹೋಗಿದ್ದರು.