ಹದಿನೆಂಟನೇ ಕುಳಿಯ ಕೆಂಪು ಬಾವುಟ

ನಮ್ಮೂರಿನ ದೊಡ್ಡ ಪಂದ್ಯದಲ್ಲಿ ಗೆದ್ದವನಿಗೆ ಬೆಳ್ಳಿ ಬಟ್ಟಲು, ಅವನ ದಾಂಡುಗಳ ಚೀಲ ಹೊತ್ತ ಕ್ಯಾಡಿಗೆ ಬಾವುಟ. ಮೊದಲ ವರ್ಷದಿಂದ ಬಂದ ಪದ್ಧತಿ ಇದು. ಕ್ಲಬ್ಬಿನ ಕಾಗದಗಳಲ್ಲಿ ಆ ಪಂದ್ಯಕ್ಕೆ ವಲಯ ವೃತ್ತಿಪರ ಗಾಲ್ಫ್ ಚಾಂಪಿಯನ್‌ಶಿಪ್ ಎಂದು ಹೆಸರು. ನಮ್ಮ ಬೀದಿಯಲ್ಲಿ ಅಷ್ಟುದ್ದ ಯಾರೂ ಹೇಳುವುದಿಲ್ಲ, ದೊಡ್ಡ ಪಂದ್ಯ ಅಂದರೆ ಸಾಕು. ಕೊನೆಯ ದಿನ ಹದಿನೆಂಟನೇ ಕುಳಿಯಲ್ಲಿ, ಎಂದರೆ ಆಟ ಮುಗಿಯುವ ಕುಳಿಯಲ್ಲಿ, ನೆಟ್ಟ ಕೋಲಿನ ತುದಿಗೆ ಹಾರುವ ಬಾವುಟವನ್ನು ಬಿಚ್ಚಿ ಗೆದ್ದವನ ಕ್ಯಾಡಿಗೆ ಕೊಡಬೇಕು. ಬಟ್ಟಲು ವರ್ಷ ತುಂಬಿದ ಮೇಲೆ ಕ್ಲಬ್ಬಿಗೆ ವಾಪಸ್ಸು ಬರುತ್ತದೆ. ಬಾವುಟ ಬರುವುದಿಲ್ಲ.

ಹಾಗಾಗಿ ಆ ಪಂದ್ಯದ ಚರಿತ್ರೆ ಇರುವುದು ಮೈದಾನದ ಬೇಲಿಯಾಚೆ, ಚೀಲ ಹೊರುವವರ ಬೀದಿಯಲ್ಲಿ. ಮೊದಲ ವರ್ಷದ್ದು ಕ್ಲಬ್ಬಿನ ಊಟದ ಮೇಜಿನ ಹಾಸನ್ನು ಕತ್ತರಿಸಿ ಮಾಡಿದ್ದಂತೆ, ಅದರ ಒಂದು ಮೂಲೆಯಲ್ಲಿ ಇನ್ನೂ ಸಾರಿನ ಕಲೆ ಇದೆ. ಬಿರುಗಾಳಿಗೆ ಆಟ ಅರ್ಧಕ್ಕೆ ನಿಂತು ಮರುದಿನ ಮುಗಿದ ವರ್ಷದ್ದು ಎರಡು ಸೀಳಾಗಿದೆ. ಇಬ್ಬರು ಸಮಸಮ ಬಂದು ಸೂರ್ಯ ಮುಳುಗುವ ತನಕ ಆಡಿದ ವರ್ಷದ್ದನ್ನು ಮೂಲೆಮನೆಯವರು ತೊಟ್ಟಿಲಿಗೆ ಹಾಸಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದರು. ಗಾಳಿಮಾವನ ಹತ್ತಿರ ಎರಡಿವೆ. ಹುಲ್ಲಿನ ಎಸಳು ಹಾರಿಸಿ ಗಾಳಿಯ ದಿಕ್ಕು ಹೇಳುವುದರಲ್ಲಿ ಗಟ್ಟಿಗ ಎಂದು ಅವನಿಗೆ ಆ ಹೆಸರು. ಒಂದನ್ನು ಕಿಟಕಿಗೆ ಕಟ್ಟಿದ್ದಾನೆ. ಇನ್ನೊಂದು ಹೆಂಡತಿಯ ಹೊಲಿಗೆಯಂತ್ರದ ಮುಸುಕು.

ನಮ್ಮ ಮನೆಯಲ್ಲಿ ಒಂದು ಮೊಳೆ ಇದೆ. ಬಾಗಿಲು ತೆರೆದರೆ ಎದುರಿಗೇ ಕಾಣುತ್ತದೆ. ಅದಕ್ಕೆ ಕ್ಯಾಲೆಂಡರ್ ತೂಗುಹಾಕಲೂ ನಮ್ಮತ್ತೆ ಬಿಡುವುದಿಲ್ಲ.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ನಾನು ಶಾಲೆ ಬಿಟ್ಟ ವರ್ಷದಿಂದ ಅವಳ ಜೊತೆಗೇ ಇದ್ದೇನೆ. ಅವಳ ಪ್ರಾಯದಲ್ಲಿ ಒಂದು ದೊಡ್ಡ ಪಂದ್ಯದ ಮೊದಲ ಬೆಳಿಗ್ಗೆ ತಾತನ ಕಾಲು ಉಳುಕಿತು. ತಾತ ಹೊರಬೇಕಿದ್ದ ಚೀಲವನ್ನು ಅತ್ತೆ ಹೊತ್ತಳು. ಆಟಗಾರ ಮುಖ ಹುಳಿಮಾಡಿದನಂತೆ, ಆದರೆ ಆ ಹೊತ್ತಿಗೆ ಬೇರೆ ಯಾರೂ ಸಿಗಲಿಲ್ಲ. ಎರಡನೇ ದಿನದಿಂದ ಅವನೇ ಪ್ರತಿ ಹೊಡೆತಕ್ಕೂ ಹಿಂದಿರುಗಿ ಇವಳ ಮುಖ ನೋಡತೊಡಗಿದ. ಕೊನೆಯ ಕುಳಿಯಲ್ಲಿ ಅವನು ದೂರದಿಂದ ಚೆಂಡು ಉರುಳಿಸಬೇಕಿತ್ತು. ಅತ್ತೆ ಕುಳಿಯ ಪಕ್ಕ ಬಾವುಟದ ಕೋಲು ಹಿಡಿದು ನಿಂತು, "ಎಡಕ್ಕೆ ಎರಡು ಕುಳಿಯಗಲ" ಅಂದಳು. ಚೆಂಡು ಹೊರಟಿತು, ಅದಕ್ಕೆ ತಾಗದಂತೆ ಇವಳು ಕೋಲು ಕಿತ್ತಳು, ಚೆಂಡು ಒಳಗೆ ಬಿತ್ತು. ಅವನು ಗೆದ್ದ.

ಕಿತ್ತ ಕೋಲನ್ನು ಹುಲ್ಲಿಗೆ ಗೀರಾಗದಂತೆ ಪಕ್ಕದಲ್ಲಿ ಮೆಲ್ಲಗೆ ಮಲಗಿಸಬೇಕು, ಆಮೇಲೆ ಕುಳಿಯಿಂದ ಚೆಂಡು ತೆಗೆದು ಒರೆಸಿ ಆಟಗಾರನಿಗೆ ಕೊಡಬೇಕು. ಮಗುವಾಗಿದ್ದಾಗಿನಿಂದ ತಾತ ಕಲಿಸಿದ್ದು ಅದನ್ನೇ. ಅತ್ತೆ ಕೋಲು ಕೆಳಗಿಟ್ಟು ಬಗ್ಗಿದಳು. ಎದ್ದು ತಿರುಗುವಷ್ಟರಲ್ಲಿ ಆಗಿನ ಕಾರ್ಯದರ್ಶಿ ಬಾವುಟ ಬಿಚ್ಚಿ ಮಡಚುತ್ತಿದ್ದರು. ಹೆಂಗಸರ ಹೆಸರು ಕ್ಯಾಡಿಗಳ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿ ಇಲ್ಲದವರಿಗೆ ಬಾವುಟ ಕೊಡುವಂತಿಲ್ಲ ಅಂದರು. ಗೆದ್ದವನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ.

"ಕಟ್ಟಿದ್ದ ದಾರಾನೇ ಬಿಚ್ಚಿ ಮತ್ತೆ ಕಟ್ಟಿದ ಕಣೇ" ಎಂದು ಅತ್ತೆ ಈಗಲೂ ಹೇಳುತ್ತಾಳೆ. "ತಪ್ಪು ನಂದೇ. ಕೈಲಿದ್ದದ್ದನ್ನ ಕೆಳಗಿಡಬಾರದಿತ್ತು."

ನಾನು ಬಾವುಟ ಹೊಲಿಯುವವಳು. ಕ್ಲಬ್ಬಿನ ಹಿಂಬದಿಯಲ್ಲಿ, ಹುಲ್ಲು ಕತ್ತರಿಸುವ ಯಂತ್ರಗಳನ್ನು ನಿಲ್ಲಿಸುವ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ಕ್ಲಬ್ಬಿನ ಹೊಲಿಗೆಯಂತ್ರದ ಮುಂದೆ ನನ್ನ ಜಾಗ. ಹದಿನೆಂಟು ಕುಳಿಗಳ ಬಾವುಟ, ಅಂಕಿಗಳ ಪಟ್ಟಿ, ಆಟಗಾರರ ಟವೆಲ್ಲಿನ ಅಂಚು, ಎಲ್ಲ ನನ್ನದೇ. ಅಲ್ಲಿ ಬಾಯಿ ಬೇಕಾಗಿರಲಿಲ್ಲ, ಕಣ್ಣು ಸಾಕು. ಬೀದಿಯವರು ನನ್ನನ್ನು ಸೂಜಿ ಎಂದು ಕರೆಯುತ್ತಾರೆ.

ಈ ಸಲ ಪಂದ್ಯಕ್ಕೆ ಐವತ್ತನೇ ವರ್ಷ. ಹೊಸ ಕಾರ್ಯದರ್ಶಿ ನನ್ನನ್ನು ಮುಂಬಾಗಿಲಿನಿಂದಲೇ ಒಳಗೆ ಕರೆಸಿಕೊಂಡರು. ಹಜಾರದ ಉದ್ದದ ಗೋಡೆಗೆ ಗಾಜಿನ ಚೌಕಟ್ಟುಗಳು ಸಾಲಾಗಿ ಕಾಯುತ್ತಿದ್ದವು, ಎಲ್ಲ ಖಾಲಿ.

"ನೋಡಮ್ಮ, ಇದು ಚರಿತ್ರೆಯ ಗೋಡೆ" ಅಂದರು. ಮಾತು ಮೃದು, ಅಂಗಿಗೆ ಇಸ್ತ್ರಿ. "ನಿಮ್ಮ ಬೀದೀಲಿ ಹಳೇ ಬಾವುಟ ಎಲ್ಲ ಇದೆಯಂತಲ್ಲ. ಕೇಳಿ ತಗೊಂಡು ಬಾ. ಪಂದ್ಯ ಮುಗಿಯೋ ತನಕ ಸಾಲ ಅಂತ ಹೇಳು. ಹರಿದಿದ್ರೆ ಹೊಲಿ. ಒಂದು ವರ್ಷದ್ದು ಮಾತ್ರ ಕಳೆದುಹೋಗಿದೆ. ಅದಕ್ಕೆ ಹೊಸದೊಂದು ಹೊಲಿದುಬಿಡು."

ಯಾವ ವರ್ಷದ್ದು ಎಂದು ನಾನು ಕೇಳಬೇಕಾಗಿರಲಿಲ್ಲ. ಚೌಕಟ್ಟಿನ ಕೆಳಗೆ ಚೀಟಿ ಅಂಟಿಸಿ ಆಗಿತ್ತು: ‘ಈ ವರ್ಷದ ವಿಜೇತರು ತಮ್ಮ ಚೀಲವನ್ನು ತಾವೇ ಹೊತ್ತು ಗೆದ್ದರು.’

"ಹೊಸದು ಅಂತ ಗೊತ್ತಾಗಬಾರದು" ಅಂದರು ಕಾರ್ಯದರ್ಶಿ. "ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದ್ರೆ ಹಳೇದರ ಥರ ಆಗುತ್ತಂತೆ. ಕೊನೇ ದಿನ ಬೆಳಿಗ್ಗೆ ಆ ವಿಜೇತರೇ ಬರ್ತಾರೆ, ಮುಖ್ಯ ಅತಿಥಿಯಾಗಿ. ಹದಿನೆಂಟನೇ ಕುಳೀಲಿ ಶಾಸ್ತ್ರಕ್ಕೆ ಒಂದು ಚೆಂಡು ಉರುಳಿಸಿ, ಆಮೇಲೆ ಗೋಡೆ ಉದ್ಘಾಟನೆ ಮಾಡ್ತಾರೆ."

ನಾನು ತಲೆ ಆಡಿಸಿದೆ. ನಾನು ತಲೆ ಆಡಿಸಿದರೆ ಜನ ಅದನ್ನು ಒಪ್ಪಿಗೆ ಅಂದುಕೊಳ್ಳುತ್ತಾರೆ. ಕೇಳಿಸಿತು ಅನ್ನುವುದಷ್ಟೇ ಅದರ ಅರ್ಥ.

ಮನೆಗೆ ಬಂದು ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಒಮ್ಮೆ ಕೊಡವಿದಳು.

"ತಾನೇ ಹೊತ್ತನಂತಾ?"

"ಹಾಗೆ ಬರೆದಿದೆ."

"ಅವನು ತನ್ನ ಹೊಟ್ಟೆ ಹೊರೋದಕ್ಕೇ ಏದುಸಿರು ಬಿಡ್ತಿದ್ದ. ಆ ಚೀಲದ ಪಟ್ಟಿ ಉಜ್ಜಿ ಉಜ್ಜಿ ನನ್ನ ಭುಜದ ಚರ್ಮ ಕಿತ್ತುಹೋಗಿತ್ತು, ನೋಡ್ತೀಯಾ?"

"ಎಷ್ಟೋ ಸಲ ನೋಡಿದೀನಿ ಅತ್ತೆ."

"ಇನ್ನೊಂದು ಸಲ ನೋಡು, ಏನೂ ಸವೆದುಹೋಗಲ್ಲ." ಕಲ್ಲು ಸಿಕ್ಕಿತು, ಬಾಗಿಲಾಚೆ ಎಸೆದಳು. "ಚಹಾದಲ್ಲಿ ಅದ್ದಬೇಕಂತೆ. ಚಹಾದಲ್ಲಿ ಅದ್ದಿದ್ರೆ ನನ್ನ ಸಿಟ್ಟೂ ಹಳೇದಾಗುತ್ತಾ, ಕೇಳು ಅವರನ್ನ."

"ನಾನು ಹೊಲಿಯಲ್ಲ ಅಂತ ಹೇಳಿಬಿಡ್ತೀನಿ."

"ನೀನಾ? ಅಂಗಡೀಲಿ ಚಿಲ್ಲರೆ ಕಡಿಮೆ ಕೊಟ್ರೂ ಕೇಳದವಳು." ಅತ್ತೆ ನಕ್ಕಳು. ನಗುವಾಗ ಅವಳ ಕಣ್ಣು ಮೊಳೆಯ ಕಡೆ ಹೋಯಿತು. "ಹೊಲಿ. ಚೆನ್ನಾಗಿ ಹೊಲಿ. ಆಗ ಕೆಂಪು ಇತ್ತು, ಈಗಿನ ಹಾಗೆ ಹಳದಿ ಅಲ್ಲ. ಅಂಕಿ ಬಿಳಿ."

ನಾನು ಮನೆಮನೆಗೂ ಹೋದೆ. ಎಲ್ಲರೂ ಕೊಟ್ಟರು, ಎಲ್ಲರೂ ಒಂದೊಂದು ಮಾತು ಸೇರಿಸಿ ಕೊಟ್ಟರು. ಗಾಳಿಮಾವ ಕಿಟಕಿಯದ್ದನ್ನು ಬಿಚ್ಚುತ್ತ, "ನಮ್ಮನ್ನ ಹಜಾರದೊಳಗೆ ಬಿಡಲ್ಲ, ನಮ್ಮ ಬಟ್ಟೆಯನ್ನಾದರೂ ಬಿಡ್ತಾರಲ್ಲ, ಪುಣ್ಯ" ಅಂದ. ಆಮೇಲೆ ತಗ್ಗಿದ ದನಿಯಲ್ಲಿ, "ನಿಮ್ಮತ್ತೆ ಏನಂದ್ಲು?" ಎಂದು ಕೇಳಿದ. ಮೊದಲ ಮನೆಯಿಂದ ಕೊನೆಯ ಮನೆಯ ತನಕ ಇದೇ ಪ್ರಶ್ನೆ. ಆ ಚೀಟಿಯಲ್ಲಿ ಬರೆದದ್ದು ಸುಳ್ಳು ಎಂದು ಗೊತ್ತಿಲ್ಲದ ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ.

ಸೀಳುಗಳನ್ನು ಮುಚ್ಚಿದೆ. ಸಾರಿನ ಕಲೆಯನ್ನು ಹಾಗೇ ಬಿಟ್ಟೆ. ಕೊನೆಗೆ ಕೆಂಪು ಬಟ್ಟೆ ಕತ್ತರಿಸಿದೆ. ಅಂಕಿಯನ್ನು ಎರಡೂ ಬದಿಗೆ ಕೂರಿಸಿ, ಗಾಳಿಗೆ ಬಿಚ್ಚದಂತೆ ಅಂಚನ್ನು ಎರಡು ಸಲ ಮಡಚಿ ಹೊಲಿದೆ. ಗೋಡೆಗೆ ಹಾಕುವ ಬಾವುಟಕ್ಕೆ ಎರಡು ಮಡಿಕೆ ಬೇಕಿಲ್ಲ. ಕೋಲು ತೂರಿಸುವ ತೋಳೂ ಬೇಕಿಲ್ಲ. ನಾನು ಎರಡನ್ನೂ ಮಾಡಿದೆ. ಚಹಾ ಕುದಿಸಲಿಲ್ಲ.

ಕೊನೆಯ ದಿನದ ಹಿಂದಿನ ಮಧ್ಯಾಹ್ನ ಉಳಿದವನ್ನೆಲ್ಲ ಹಜಾರದಲ್ಲಿ ಒಪ್ಪಿಸಿದೆ. ಕಾರ್ಯದರ್ಶಿ ಒಂದೊಂದನ್ನೇ ಚೌಕಟ್ಟಿಗೆ ಹಾಕಿಸುತ್ತ ಬಂದು ಖಾಲಿ ಚೌಕಟ್ಟಿನ ಮುಂದೆ ನಿಂತರು.

"ಇದರದ್ದು?"

ನಾನು ನೆಲದ ಕಲ್ಲಿನ ಗೆರೆಯನ್ನೇ ನೋಡುತ್ತ ಹೇಳಿದೆ: "ಕೊನೇ ಕುಳೀಲಿ ನಿಲ್ಲದೇ ಇದ್ದದ್ದು ಬಾವುಟ ಅಲ್ಲ, ಸಾರ್. ಬರೀ ಬಟ್ಟೆ."

"ಏನಂದೆ?"

"ಆ ವರ್ಷ ಚೀಲ ಹೊತ್ತಿದ್ದು ನಮ್ಮತ್ತೆ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಇರಬಹುದಮ್ಮ. ಆದರೆ ಸಮಿತಿ ಒಪ್ಪಿದ ಚರಿತ್ರೆ ಇದು. ಅತಿಥಿಗಳೂ ಓದಿ ಸರಿ ಅಂದಿದ್ದಾರೆ. ನಾಳೆ ಬೆಳಿಗ್ಗೆ ಅದು ಇಲ್ಲಿ ಇರಬೇಕು. ಇಲ್ಲದಿದ್ರೆ ಮುಂದಿನ ಹೊಲಿಗೆ ಬೇರೆಯವರಿಗೆ ಹೋಗುತ್ತೆ. ಯೋಚನೆ ಮಾಡು."

ನಾನು ತಲೆ ಆಡಿಸಿದೆ. ಕೇಳಿಸಿತು ಅಂತ.

ಅಲ್ಲಿಂದ ನೇರ ಕೊಟ್ಟಿಗೆಗೆ ಹೋದೆ. ಹುಲ್ಲುಮೇಸ್ತ್ರಿ ಯಂತ್ರದ ಅಲಗಿಗೆ ಎಣ್ಣೆ ಬಿಡುತ್ತಿದ್ದರು. ಬೆಳಿಗ್ಗೆ ಕುಳಿಗಳಿಗೆ ಕೋಲು ನೆಡುವುದು ಅವರ ಕೆಲಸ. ಅತ್ತೆ ಗೆದ್ದ ದಿನ ಅವರು ಜನರನ್ನು ತಡೆಯುವ ಹಗ್ಗದಾಚೆ ನಿಂತು ನೋಡಿದ್ದವರು. ಕೆಂಪು ಬಾವುಟವನ್ನು ಅವರ ಮುಂದೆ ಬಿಚ್ಚಿ ಹಿಡಿದೆ. ಅವರು ಕೈ ಒರೆಸಿಕೊಂಡರು. ಮುಟ್ಟಲಿಲ್ಲ.

"ಶಾಸ್ತ್ರದ ಹೊತ್ತಿಗೆ ಮಾತ್ರ" ಅಂದೆ. "ಆಟಗಾರರು ಬರೋ ಮೊದಲು ಹಳದಿ ಹಾಕಿಬಿಡಿ. ಈ ವರ್ಷದವರ ಬಾವುಟ ಅವರಿಗೇ ಸಿಗಲಿ."

"ನನ್ನ ಕೆಲಸಕ್ಕೆ ಕಲ್ಲು ಹಾಕ್ತೀಯಲ್ಲ, ಸೂಜಿ." ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿದರು. ಬಿಗಿಯಾದ ಮೇಲೂ ತಿರುಗಿಸಿದರು. "ಕೋಲು ಎಲ್ಲಿ ನೆಡಬೇಕು ಅಂತ ನನಗೆ ಹೇಳಿದ್ದಾರೆ. ಬಟ್ಟೆ ಯಾವ ಬಣ್ಣ ಅಂತ ಯಾರೂ ಹೇಳಿಲ್ಲ. ಇಟ್ಟು ಹೋಗು."

ಬೆಳಿಗ್ಗೆ ಕುರ್ಚಿಗಳ ಮುಂದಿನ ಸಾಲಿನಲ್ಲಿ ಸಮಿತಿ, ಹಿಂದೆ ಆಹ್ವಾನಿತರು, ಹಗ್ಗದಾಚೆ ನಮ್ಮ ಬೀದಿ. ಹದಿನೆಂಟನೇ ಕುಳಿಯ ನುಣುಪು ಹುಲ್ಲಿನ ಮೇಲೆ ಕೆಂಪು ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಕಾರ್ಯದರ್ಶಿ ಅದನ್ನು ಕಂಡ ಕೂಡಲೇ ನನ್ನನ್ನು ಹುಡುಕಿದರು. ನಾನು ಗಾಳಿಮಾವನ ಹಿಂದೆ ಸರಿಯಬೇಕು ಅಂದುಕೊಂಡೆ, ಸರಿಯಲಿಲ್ಲ. ಅಷ್ಟರಲ್ಲಿ ಅತಿಥಿ ಬಂದುಬಿಟ್ಟಿದ್ದರು. ಅವರಿಗೀಗ ಪೂರ್ತಿ ಬಿಳಿಗೂದಲು. ಬಾವುಟ ನೋಡಿ ಅವರ ಹೆಜ್ಜೆ ಒಮ್ಮೆ ತಡವರಿಸಿತು.

ಚೆಂಡನ್ನು ದೂರದಲ್ಲಿ ಇಡಲಾಗಿತ್ತು, ಅಂದಿನ ಜಾಗದಲ್ಲೇ. ಅಷ್ಟು ದೂರದಿಂದ ಉರುಳಿಸುವಾಗ ಕುಳಿ ಎಲ್ಲಿದೆ ಎಂದು ತೋರಿಸಲು ಅದರ ಹತ್ತಿರ ಯಾರಾದರೂ ಕೋಲು ಹಿಡಿದು ನಿಲ್ಲಬೇಕು. ಸಮಿತಿಯಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರುವಾಗ ಅತ್ತೆ ಹಗ್ಗ ಎತ್ತಿ ಒಳಗೆ ನುಸುಳಿದಳು. ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದುಹೋಗಿ ಕೋಲು ಹಿಡಿದಳು. ತನ್ನ ನೆರಳು ಕುಳಿಯ ಮೇಲೆ ಬೀಳದ ಕಡೆಗೆ ನಿಂತಳು.

ಮುದುಕರು ಬಗ್ಗಿದರು. ನೋಡಿದರು. ಮತ್ತೆ ನೆಟ್ಟಗಾದರು. ಅಭ್ಯಾಸವೋ ಏನೋ, ಮೆಲ್ಲಗೆ ಕೇಳಿದರು: "ಎಷ್ಟು ಎಡಕ್ಕೆ?"

ಅತ್ತೆಯ ದನಿ ಹಗ್ಗದಾಚೆಗೂ ಕೇಳಿಸಿತು. "ಚೀಲ ನೀವೇ ಹೊತ್ತಿರಿ ಅಂತ ಒಳಗೆ ಬರೆದಿದೆ. ದಾರೀನೂ ನೀವೇ ನೋಡ್ಕೊಳ್ಳಿ."

ಯಾರೋ ಕೆಮ್ಮಿದರು. ಗಾಳಿಮಾವ ಮಾತ್ರ ಬಾಯ್ಬಿಟ್ಟು ನಕ್ಕ. ಮುದುಕರು ಬಹಳ ಹೊತ್ತು ಚೆಂಡನ್ನೇ ನೋಡುತ್ತಿದ್ದರು, ಆಮೇಲೆ ಹೊಡೆದರು. ಅತ್ತೆ ಸರಿಯಾದ ಗಳಿಗೆಯಲ್ಲಿ ಕೋಲು ಕಿತ್ತಳು. ಚೆಂಡು ಕುಳಿಯ ಬಲಕ್ಕೆ ಸಾಗಿ, ಇಳಿಜಾರಿನಲ್ಲಿ ಉರುಳುತ್ತ ಉರುಳುತ್ತ ಅಂಚಿನ ಹುಲ್ಲಿನಲ್ಲಿ ನಿಂತಿತು. ಅವರು ತಲೆ ಎತ್ತಲಿಲ್ಲ. ಈ ಸಲ ಬೂಟಿಗೆ ದಾರವೂ ಇರಲಿಲ್ಲ.

ಕಾರ್ಯದರ್ಶಿ ಓಡಿಬಂದರು. "ಆಯ್ತಮ್ಮ, ಆಯ್ತು. ಅದನ್ನ ಅಲ್ಲಿ ಕೆಳಗಿಟ್ಟು ಹೊರಡಿ."

"ಒಂದ್ಸಲ ಇಟ್ಟಿದ್ದೆ" ಅಂದಳು ಅತ್ತೆ.

"ನಾವೇ ನಿಮ್ಮನ್ನ ಒಳಗೆ ಕರೆದು, ಅತಿಥಿಗಳ ಕೈಯಿಂದ ಕೊಡಿಸ್ತೀವಿ. ಫೋಟೋ ತೆಗೆಸೋಣ."

"ಇವರು ಕೊಡೋದೇನು ಬಂತು ಸಾರ್? ಅವತ್ತೂ ಕಿತ್ತವಳು ನಾನು, ಇವತ್ತೂ ಕಿತ್ತವಳು ನಾನು."

ಕೋಲನ್ನು ಭುಜಕ್ಕೆ ಏರಿಸಿಕೊಂಡಳು. ಚೀಲದ ಪಟ್ಟಿ ಕೂರುತ್ತಿದ್ದ ಅದೇ ಭುಜ. ಸಮಿತಿಯ ಕುರ್ಚಿಗಳ ನಡುವಿನ ದಾರಿಯಲ್ಲೇ ನಡೆದಳು, ಸುತ್ತುಬಳಸಿ ಹೋಗಲಿಲ್ಲ. ಬಾವುಟ ಅಧ್ಯಕ್ಷರ ಟೋಪಿಗೆ ತಾಗಿತು. ನಾನು ಅವಳ ಚಪ್ಪಲಿ ಎತ್ತಿಕೊಂಡು ಹಿಂದೆ ಹೋದೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನೂ ಅವರನ್ನು ನೋಡಿದೆ.

ಗೇಟಿನ ಹತ್ತಿರ ಹುಲ್ಲುಮೇಸ್ತ್ರಿ ಓಡುತ್ತ ಬಂದು ಅಡ್ಡ ನಿಂತರು. "ಅಕ್ಕ, ಬಾವುಟ ನಿಂದು. ಕೋಲು ಕ್ಲಬ್ಬಿಂದು."

"ಮನೆಗೆ ಬಂದು ತಗೊಂಡು ಹೋಗು" ಅಂದಳು ಅತ್ತೆ, ನಿಲ್ಲದೆ.

ಪಂದ್ಯ ಮುಗಿದ ಮರುದಿನವೇ ಬೀದಿಯವರು ಹೋಗಿ ತಮ್ಮ ತಮ್ಮ ಬಾವುಟ ಬಿಚ್ಚಿಸಿಕೊಂಡು ಬಂದರು. ಸಾಲ ಅಂದಿದ್ದಿರಲ್ಲ ಅಂದರಂತೆ. ಗಾಜಿನ ಚೌಕಟ್ಟುಗಳು ಮತ್ತೆ ಖಾಲಿ. ಕ್ಲಬ್ಬಿನ ಹೊಲಿಗೆ ನನ್ನಿಂದ ಹೋಯಿತು, ಈಗ ಗಾಳಿಮಾವನ ಹೆಂಡತಿಯ ಯಂತ್ರದಲ್ಲಿ ಬೀದಿಯವರ ಬಟ್ಟೆ ಹೊಲಿಯುತ್ತೇನೆ. ಅದಕ್ಕೀಗ ಮುಸುಕಿಲ್ಲ. ಆ ಬಾವುಟವನ್ನು ಅವಳು ಬಾಗಿಲಿಗೆ ಕಟ್ಟಿದ್ದಾಳೆ, ಬೀದಿಯ ಕಡೆ ಮುಖಮಾಡಿ.

ಅತ್ತೆ ಕೆಂಪು ಬಾವುಟವನ್ನು ಮೊಳೆಗೆ ಹಾಕಲಿಲ್ಲ. ಕೋಲಿನ ಸಮೇತ ಅಂಗಳದಲ್ಲಿ ನೆಟ್ಟಿದ್ದಾಳೆ. ಮೊಳೆಯಲ್ಲೀಗ ಕ್ಯಾಲೆಂಡರ್ ತೂಗುತ್ತದೆ. ಹುಲ್ಲುಮೇಸ್ತ್ರಿ ಕೋಲು ಕೇಳಲು ಆಗಾಗ ಬರುತ್ತಾರೆ. ಜಗುಲಿಯಲ್ಲಿ ಕೂತು ನೀರು ಕುಡಿದು, ಬಾವುಟ ಯಾವ ಕಡೆ ಹಾರುತ್ತಿದೆ ಎಂದು ನೋಡಿ, "ಇವತ್ತು ಗಾಳಿ ಜಾಸ್ತಿ, ನಾಳೆ ಒಯ್ತೀನಿ" ಅಂದು ಎದ್ದು ಹೋಗುತ್ತಾರೆ.