ಅಧ್ಯಕ್ಷರನ್ನು ಆರಿಸಿದವರು ಯಾರು

ತೆಲುಗು ಊರಾದ ಉಪ್ಪಲ್‌ನ ಒಂದು ಶಾಲೆಯ ಹಾಲಿನಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆಯ ಭಾನುವಾರದ ಆರಾಧನೆ ನಡೆಯುತ್ತಿತ್ತು. ನಲವತ್ತು ಮನೆಯವರು, ಹೆಚ್ಚಿನವರು ಬೀದರ್ ಕಡೆಯಿಂದ ಬಂದ ಹಳಬರು. ನಾನು, ಯಮುನಾಬಾಯಿ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಎರಡು ಸಾವಿರದ ಇಸವಿಯ ಹೊತ್ತಿಗೆ ಸಾಫ್ಟ್‌ವೇರ್ ಕಂಪನಿಯವರೂ ಬರತೊಡಗಿದರು. ಅವರಲ್ಲೊಬ್ಬ ಬೆಂಗಳೂರಿನ ದಿನೇಶ, ಮ್ಯಾನೇಜರ್. ಪ್ರಾರ್ಥನೆಗೂ ಐಡಿ ಕಾರ್ಡ್ ತೂಗುಹಾಕಿಕೊಂಡೇ ಬರುತ್ತಿದ್ದ. ದೇವರಿಗೆ ಗುರುತು ಸಿಗದಿದ್ದರೆ ಕಷ್ಟ ನೋಡಿ.

ಸಮಿತಿಗೆ ಅಧ್ಯಕ್ಷರನ್ನು ಆರಿಸುವ ದಿನ ಅವನು ಪ್ರೊಜೆಕ್ಟರ್ ತಂದು ಗೋಡೆಯ ಮೇಲೆ ತನ್ನ ಫೋಟೋ ತೋರಿಸಿದ.

"ನಾಯಕರನ್ನು ನೇಮಿಸೋದು ಮನುಷ್ಯರಲ್ಲ, ದೇವರು. ಮೂರು ದಿನ ಉಪವಾಸ ಮಾಡಿ ಕೇಳಿದೆ. ನನ್ನ ಹೆಸರೇ ಬಂತು," ಎಂದ.

ಬೇರೆ ಹೆಸರು ಬಂದಿದ್ದರೆ ಇನ್ನೂ ಮೂರು ದಿನ ಉಪವಾಸ ಮಾಡುತ್ತಿದ್ದನೇನೋ. ಜನ ಕೈ ಎತ್ತಿದರು. ನಾನು ಎದ್ದೆ.

"ಬೈಬಲ್‌ನಾಗಿನ ರಾಜ ಸೌಲನನ್ನೂ ದೇವರೇ ಆರಿಸಿದ್ದರೀ. ಜನ ರಾಜ ಬೇಕಂತ ಭಾಳ ಕಾಡಿದ್ರು, ಕೊಟ್ಟ. ಮುಂದೇನಾತು ಅನ್ನೂದೂ ಓದ್ರಿ."

ದಿನೇಶ ನಕ್ಕ. ಮುಂದಿನದನ್ನು, ಆ ಸೌಲನನ್ನು ದೇವರೇ ಇಳಿಸಿದ್ದನ್ನು, ಅವನು ಓದಿಲ್ಲ ಎಂದು ಆ ನಗೆಯಲ್ಲೇ ತಿಳಿಯಿತು.

ಇಪ್ಪತ್ತು ವರ್ಷ ಹಾರ್ಮೋನಿಯಂ ನುಡಿಸಿ ಹಾಡಿಸಿದ್ದ ಹುಸೇನಪ್ಪನನ್ನು ಅವನು ಅಧ್ಯಕ್ಷನಾದ ಮೇಲೆ ಹಿಂದಿನ ಸಾಲಿಗೆ ಕಳಿಸಿದ. ಇಂಗ್ಲಿಷ್ ಹಾಡು, ಗಿಟಾರು ಬಂದವು. ಕೇಳಿದವರಿಗೆ ಒಂದೇ ಉತ್ತರ: "ದೇವರು ನೇಮಿಸಿದವನನ್ನು ಪ್ರಶ್ನಿಸ್ತೀರಾ?" ವರ್ಷ ಮುಗಿಯುವಷ್ಟರಲ್ಲಿ ಹತ್ತು ಮನೆಯವರು ತೆಲುಗು ಚರ್ಚಿಗೆ ಹೋದರು.

ಮುಂದಿನ ಚುನಾವಣೆಯಲ್ಲಿ ಅವನ ಪರ ಎದ್ದ ಕೈ ಏಳು.

"ಇದು ಸೈತಾನನ ಕೆಲಸ," ಎಂದ ದಿನೇಶ.

"ಏರಿಸಿದಾಗ ದೇವರು, ಇಳಿಸಿದಾಗ ಸೈತಾನ ಏನ್ರಿ? ಎರಡೂ ದೇವರೊಬ್ಬನದೇ ಕೆಲಸ ಅಂತ ಬೈಬಲ್‌ನಾಗ ಐತಿ," ಎಂದೆ.

ಅವನು ಪ್ರೊಜೆಕ್ಟರ್ ಎತ್ತಿಕೊಂಡು ಹೊರಟೇಹೋದ. ಪಾಸ್ಟರು ಎಲ್ಲರಿಗೂ ಚೀಟಿ ಹಂಚಿ, ಪ್ರಾರ್ಥಿಸಿ ಒಂದೊಂದು ಹೆಸರು ಬರೆಯಲು ಹೇಳಿದರು. ಆ ದಿನ ನಾನು ಗಂಜಿ ಹಾಕಿದ ಸೀರೆ ಉಟ್ಟು ಬಂದಿದ್ದೆ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಪಾಸ್ಟರು ಎಣಿಸಿ ಓದಿದರು. ಹುಸೇನಪ್ಪ, ಮೂವತ್ತೊಂದು. ಯಮುನಾಬಾಯಿ, ಒಂದು. ಆ ಒಂದನ್ನು ಬರೆದವಳು ನಾನೇ.

ಹುಸೇನಪ್ಪ ಒಳಗಿರಲೇ ಇಲ್ಲ. ಹೊರಗೆ ನಲ್ಲಿಯ ಕೆಳಗೆ ಚಹಾದ ಲೋಟ ತೊಳೆಯುತ್ತಿದ್ದವನನ್ನು ಕರೆತಂದರು. ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಾ, "ನನಗ ಬ್ಯಾಡ್ರಿ, ಓದಾಕ ನೆಟ್ಟಗ ಬರೂದಿಲ್ಲ," ಎಂದು ಬೇಡಿಕೊಂಡ. ಯಾರೂ ಬಿಡಲಿಲ್ಲ.

ಓದಲೂ ಬಾರದ ಇವನು ಸಭೆ ನಡೆಸುತ್ತಾನಂತೆ, ಎಂದುಕೊಂಡೆ. ಅಂದುಕೊಂಡದ್ದು ದಿನೇಶನ ದನಿಯಲ್ಲೇ ಇತ್ತು.

ಜನ ಚದುರಿದ ಮೇಲೆ ಹುಸೇನಪ್ಪ ನನ್ನ ಬಳಿ ಬಂದ. "ಅಕ್ಕಾರ, ಸಭೆಗೆ ಬರೂ ಪತ್ರ ಓದಿ ಹೇಳಾಕ ನೀವು ಬರ್ತೀರೇನ್ರಿ?"

"ಬರ್ತೀನಪ್ಪಾ," ಎಂದು ಗಂಜಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉಳಿದ ಲೋಟ ತೊಳೆಯಲು ನಲ್ಲಿಯತ್ತ ನಡೆದೆ.